ನಿಂತು ಕೆಟ್ಟ ಸ್ಕೂಟರಿಗೆ ಇಂಜಿನ್ ಕೆಲಸ ಬೇಕೇ?

ಪ್ರಶ್ನೆ: ನನ್ನ ದೊಡ್ಡಪ್ಪನವರು 2013ರಲ್ಲಿ ಕೊಂಡ ಹೋಂಡಾ ಆಕ್ಟಿವಾ ಸ್ಕೂಟರ್ ಮೂರು ವರ್ಷಗಳಿಂದ ನಮ್ಮ ಮನೆಯ ಮೆಟ್ಟಿಲ ಕೆಳಗೆ ನಿಂತಿದೆ. ಅವರು ಮೈಸೂರಿಗೆ, ಮಗಳ ಮನೆಗೆ ಹೋದ ಮೇಲೆ ಅದನ್ನು ಯಾರೂ ಮುಟ್ಟಿಲ್ಲ. ಮೀಟರಿನಲ್ಲಿ 31,000 ಕಿ.ಮೀ. ಇದೆ. ನಾನೀಗ ವಿದ್ಯಾರಣ್ಯಪುರದಿಂದ ಪೀಣ್ಯಕ್ಕೆ ದಿನವೂ ಕೆಲಸಕ್ಕೆ ಹೋಗಿ ಬರಬೇಕಾಗಿದೆ. ಎರಡೂ ಕಡೆ ಸೇರಿ ಸುಮಾರು 24 ಕಿ.ಮೀ. ಆಗುತ್ತದೆ. ಹತ್ತಿರದ ಗ್ಯಾರೇಜಿನವರು ನೋಡಿ, ‘ಇಂಜಿನ್ ಹೋಗಿದೆ, ಬೋರ್ ಕಿಟ್ (ಹೊಸ ಸಿಲಿಂಡರ್, ಪಿಸ್ಟನ್, ರಿಂಗು) ಹಾಕಬೇಕು, ಪೇಂಟಿಂಗ್ ಎಲ್ಲ ಸೇರಿ 24,000 ರೂಪಾಯಿ ಆಗುತ್ತದೆ’ ಎಂದಿದ್ದಾರೆ. ನನ್ನ ಕೈಯಲ್ಲಿರುವುದು 12,000. ದೊಡ್ಡಪ್ಪನವರು ಗಾಡಿಯನ್ನು ನನಗೇ ಕೊಡಲು ಒಪ್ಪಿದ್ದಾರೆ. ಇಷ್ಟು ಹಣದಲ್ಲಿ ಅದು ದಿನನಿತ್ಯ ಓಡುವಂತೆ ಆಗುತ್ತದೆಯೇ, ಅಥವಾ ಗುಜರಿಗೆ ಕೊಡುವುದು ಒಳ್ಳೆಯದೇ?

ಉತ್ತರ: ಓಡಿ ಸವೆದ ಗಾಡಿಯ ಕಾಯಿಲೆ ಬೇರೆ, ನಿಂತು ಕೆಟ್ಟ ಗಾಡಿಯ ಕಾಯಿಲೆ ಬೇರೆ. ಓಡಿದ ಗಾಡಿಯಲ್ಲಿ ಪಿಸ್ಟನ್ ರಿಂಗು, ಸಿಲಿಂಡರ್, ಕ್ಲಚ್ ಹೀಗೆ ಒಂದಕ್ಕೊಂದು ಉಜ್ಜುವ ಭಾಗಗಳು ಸವೆಯುತ್ತವೆ. ನಿಂತ ಗಾಡಿಯಲ್ಲಿ ಕೆಡುವುದು ಪೆಟ್ರೋಲ್, ರಬ್ಬರ್, ಬ್ಯಾಟರಿ, ಟೈರು ಮತ್ತು ಬ್ರೇಕಿನ ಒಳಭಾಗ. 31,000 ಕಿ.ಮೀ. ಓಡಿದ, ಕಾಲಕಾಲಕ್ಕೆ ಆಯಿಲ್ ಕಂಡಿರುವ ಈ ಇಂಜಿನ್ ಸಾಮಾನ್ಯವಾಗಿ ಬೋರ್ ಕಿಟ್ ಕೇಳುವುದಿಲ್ಲ. ನೋಡದೆ ಖಡಾಖಂಡಿತವಾಗಿ ಹೇಳುವುದು ಸರಿಯಲ್ಲ. ಆದರೆ ಕೆಳಗೆ ಹೇಳುವ ಪರೀಕ್ಷೆಗಳು ಮುಗಿಯುವವರೆಗೆ ಇಂಜಿನ್ ಬಿಚ್ಚಲು ಒಪ್ಪಬೇಡಿ ಎಂಬುದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ನಿಮ್ಮ 12,000 ಬಹುಶಃ ಸಾಕಾಗುತ್ತದೆ, ಅದನ್ನು ಯಾವುದಕ್ಕೆ ಮೊದಲು ಖರ್ಚು ಮಾಡಬೇಕೆಂಬುದು ಗೊತ್ತಿದ್ದರೆ.

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಚಾಸಿ, ಅಂದರೆ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟು, ನೋಡಿ. ಕಾಲಿಡುವ ಜಾಗದ ರಬ್ಬರ್ ಮ್ಯಾಟನ್ನು ಪೂರ್ತಿ ಎತ್ತಿ. ಮಳೆನೀರು, ಗಾಡಿ ತೊಳೆದ ನೀರು, ಚಪ್ಪಲಿಯ ಮಣ್ಣು ಎಲ್ಲವೂ ಆ ಮ್ಯಾಟಿನ ಕೆಳಗೆ ಸೇರಿಕೊಂಡು ಒಣಗುವುದೇ ಇಲ್ಲ. ಹೊರಗಿನಿಂದ ಫಳಫಳ ಹೊಳೆಯುವ ಗಾಡಿಯ ತುಕ್ಕು ಅಲ್ಲಿ ಅಡಗಿ ಕುಳಿತಿರುತ್ತದೆ. ಅನಂತರ ಗಾಡಿಯನ್ನು ಒಂದು ಬದಿಗೆ ಹುಷಾರಾಗಿ ವಾಲಿಸಿ, ಕೆಳಗೆ ಹಾದುಹೋಗುವ ಚಾಸಿ ಪೈಪನ್ನೂ ಸ್ಟ್ಯಾಂಡು ಸೇರುವ ಜಾಗವನ್ನೂ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿಯಾದ ಪೈಪು ಟಣ್ ಎನ್ನುತ್ತದೆ; ತಿಂದುಹೋದ ಪೈಪಿನ ಸದ್ದು ಮಂದವಾಗಿರುತ್ತದೆ ಮತ್ತು ತುಕ್ಕಿನ ಪದರ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಮೇಲ್ಮೈ ತುಕ್ಕಿಗೆ ಚಿಂತೆ ಬೇಡ, ಉಜ್ಜಿ ರೆಡ್ ಆಕ್ಸೈಡ್ ಬಳಿದರೆ ಸಾಕು. ಪೈಪು ತೂತಾಗಿದ್ದರೆ ಅಥವಾ ವೆಲ್ಡಿಂಗ್ ಜಾಗದಲ್ಲಿ ಬಿರುಕಿದ್ದರೆ ಆ ಗಾಡಿಯ ಮೇಲೆ ಖರ್ಚು ಮಾಡಬೇಡಿ. ಗುಜರಿಯ ಮಾತು ಬರುವುದು ಅಲ್ಲಿ ಮಾತ್ರ.

ಚಾಸಿ ಗಟ್ಟಿಯಾಗಿದ್ದರೆ ಇಂಜಿನ್ ವಿಷಯಕ್ಕೆ ಬರೋಣ. ಸ್ಟಾರ್ಟ್ ಮಾಡುವ ಆತುರದಲ್ಲಿ ಕಿಕ್ಕರ್ ಒದೆಯಬೇಡಿ. ಮೂರು ವರ್ಷದಲ್ಲಿ ಸಿಲಿಂಡರಿನ ಗೋಡೆಯ ಮೇಲಿದ್ದ ಆಯಿಲ್ ಪದರ ಪೂರ್ತಿ ಇಳಿದುಹೋಗಿರುತ್ತದೆ. ಒಣ ಗೋಡೆಗೆ ರಿಂಗುಗಳು ಉಜ್ಜಿದರೆ ಇಲ್ಲದ ಗೀರು ಅಂದೇ ಬೀಳುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ರಂಧ್ರದಿಂದ ಒಂದು ಟೀ ಚಮಚದಷ್ಟು ಇಂಜಿನ್ ಆಯಿಲ್ ಬಿಟ್ಟು, ರಾತ್ರಿಯೆಲ್ಲ ಹಾಗೇ ಇರಲಿ. ಬೆಳಿಗ್ಗೆ ಪ್ಲಗ್ ಹಾಕದೆಯೇ ಕಿಕ್ಕರನ್ನು ಕೈಯಿಂದ ನಿಧಾನವಾಗಿ ಹತ್ತು ಹನ್ನೆರಡು ಸಲ ಒತ್ತಿ. ಸಲೀಸಾಗಿ ತಿರುಗಿದರೆ ಇಂಜಿನ್ ಹಿಡಿದುಕೊಂಡಿಲ್ಲ ಎಂದರ್ಥ. ಹಳೆಯ ಆಯಿಲ್ ಪೂರ್ತಿ ಇಳಿಸಿ, ಕಂಪನಿಯ ಕೈಪಿಡಿ ಹೇಳುವ 10ಡಬ್ಲ್ಯೂ-30 ದರ್ಜೆಯ ಹೊಸ ಆಯಿಲ್ ಹಾಕಿಸಿ. ಈ ಗಾಡಿಗೆ ಸುಮಾರು 700 ಮಿ.ಲೀ. ಹಿಡಿಯುತ್ತದೆ. ಆ ಮೇಲೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಇರುವ ಗ್ಯಾರೇಜಿನಲ್ಲಿ ಅಳತೆ ಮಾಡಿಸಿ. ಒತ್ತಡ ಕಡಿಮೆ ತೋರಿಸಿದರೂ ಅಲ್ಲಿಗೇ ತೀರ್ಮಾನಕ್ಕೆ ಬರಬಾರದು: ಪ್ಲಗ್ ರಂಧ್ರಕ್ಕೆ ಮತ್ತೆ ಸ್ವಲ್ಪ ಆಯಿಲ್ ಬಿಟ್ಟು ಇನ್ನೊಮ್ಮೆ ಅಳೆಯಬೇಕು. ಈ ಸಲ ಒತ್ತಡ ಏರಿದರೆ ತೊಂದರೆ ರಿಂಗಿನದು, ಏರದಿದ್ದರೆ ವಾಲ್ವಿನದು. ನಿಂತ ಗಾಡಿಯಲ್ಲಿ ಅರೆತೆರೆದು ನಿಂತ ವಾಲ್ವಿನ ಅಂಚಿಗೆ ತುಕ್ಕಿನ ತೆಳು ಪದರ ಕೂತಿರುವುದುಂಟು. ಸ್ಟಾರ್ಟ್ ಆಗಿ ನಾಲ್ಕು ದಿನ ಓಡಿದರೆ ಅದು ತಾನೇ ಉಜ್ಜಿಹೋಗಿ ಒತ್ತಡ ಮರಳಿ ಬಂದಿರುವುದನ್ನು ಹಲವು ಸಲ ನೋಡಿದ್ದೇನೆ. ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ, ಆಯಿಲ್ ವಾರ ವಾರವೂ ಕಡಿಮೆಯಾಗುತ್ತಿದ್ದರೆ, ಆಗ ಬೋರ್ ಕಿಟ್ಟಿನ ಮಾತಿಗೆ ಆಧಾರವಿದೆ. ಮೊದಲ ದಿನ ಕಾಣುವ ಹೊಗೆ ನೀವೇ ಹಾಕಿದ ಆ ಚಮಚ ಆಯಿಲಿನದು.

‘ಇಂಜಿನ್ ಹೋಗಿದೆ’ ಎಂಬ ಮಾತನ್ನು ನಾನೇಕೆ ಇಷ್ಟು ಅನುಮಾನದಿಂದ ನೋಡುತ್ತೇನೆಂದರೆ, ಕೆಲವು ವರ್ಷಗಳ ಹಿಂದೆ ಬಸವನಗುಡಿಯ ಒಂದು ಮನೆಯವರು ಇದೇ ಮಾತು ಕೇಳಿಸಿಕೊಂಡು ನನ್ನ ಬಳಿ ಸ್ಕೂಟರ್ ತಳ್ಳಿಸಿಕೊಂಡು ಬಂದಿದ್ದರು. ಬೇರೊಂದು ಕಡೆ ಬೋರ್ ಕಿಟ್ಟಿಗೆ ಮುಂಗಡವನ್ನೂ ಕೊಟ್ಟಾಗಿತ್ತು. ಏರ್ ಫಿಲ್ಟರಿನ ಡಬ್ಬಿ ತೆರೆದರೆ ಒಳಗೆ ಕಾಗದದ ಫಿಲ್ಟರನ್ನು ಇಲಿ ನುಣ್ಣಗೆ ಹರಿದು ಹಾಸಿಗೆ ಮಾಡಿಕೊಂಡಿತ್ತು. ಅದರ ನಡುವೆ ಎರಡು ಹಿಡಿಯಷ್ಟು ಕಡಲೆಕಾಯಿ ಸಿಪ್ಪೆ. ಇಂಜಿನಿಗೆ ಗಾಳಿಯೇ ಹೋಗುತ್ತಿರಲಿಲ್ಲ. ಡಬ್ಬಿ ಶುಚಿ ಮಾಡಿ, ಹೊಸ ಫಿಲ್ಟರ್ ಹಾಕಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ತೊಳೆದದ್ದಕ್ಕೆ ಗಾಡಿ ಐದನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಆದ್ದರಿಂದ ನಿಮ್ಮ ಗಾಡಿಯ ಏರ್ ಫಿಲ್ಟರ್ ಡಬ್ಬಿಯನ್ನು ನಿಮ್ಮ ಕಣ್ಣೆದುರೇ ತೆರೆಸಿ. ಇನ್ನೊಂದು ವಿಷಯ: ಈ ಆಕ್ಟಿವಾದಲ್ಲಿರುವುದು ಎಣ್ಣೆ ಸವರಿದ ಕಾಗದದ ಫಿಲ್ಟರ್. ಅದಕ್ಕೆ ಕಂಪ್ರೆಸರ್ ಗಾಳಿ ಹೊಡೆದು ‘ಕ್ಲೀನ್’ ಮಾಡುವುದು ನಮ್ಮ ಗ್ಯಾರೇಜುಗಳ ಹಳೆಯ ಅಭ್ಯಾಸ. ಹಾಗೆ ಮಾಡಿದರೆ ಧೂಳು ಹಿಡಿಯುವ ಎಣ್ಣೆಯೂ ಹೋಗುತ್ತದೆ, ಕಾಗದವೂ ಕಣ್ಣಿಗೆ ಕಾಣದಂತೆ ಹರಿಯುತ್ತದೆ. ಅದನ್ನು ಶುಚಿ ಮಾಡುವಂತಿಲ್ಲ, ಬದಲಾಯಿಸಬೇಕು.

ಗಾಡಿ ಸ್ಟಾರ್ಟ್ ಆಗದಿರಲು ಬಹುಮಟ್ಟಿಗೆ ಕಾರಣವಾಗಿರುವುದು ಪೆಟ್ರೋಲ್. ಕಾರ್ಬ್ಯುರೇಟರಿನ ತಳದ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಆವಿಯಾಗಿ, ಹಸಿರು ಮಿಶ್ರಿತ ಕಂದು ಅಂಟು ಮಾತ್ರ ಉಳಿದಿರುತ್ತದೆ. ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲಿನ ವಾಸನೆ ಬರುವುದಿಲ್ಲ, ಹಳೆಯ ವಾರ್ನಿಷ್ ಡಬ್ಬಿಯ ವಾಸನೆ ಬರುತ್ತದೆ. ಪೆಟ್ರೋಲ್ ಹಾಯುವ, ಸೂಜಿಮೊನೆಯಷ್ಟೇ ಇರುವ ಜೆಟ್ ರಂಧ್ರಗಳಲ್ಲಿ ಅದು ಕೂತಿರುತ್ತದೆ. ಕಾರ್ಬ್ಯುರೇಟರನ್ನು ಪೂರ್ತಿ ಇಳಿಸಿ, ಜೆಟ್‌ಗಳನ್ನು ಬಿಚ್ಚಿ, ಕ್ಲೀನರ್ ದ್ರಾವಣದಲ್ಲಿ ನೆನೆಸಿ ಗಾಳಿ ಹೊಡೆಯಬೇಕು; ತಂತಿ ತೂರಿಸಿದರೆ ರಂಧ್ರ ದೊಡ್ಡದಾಗಿ ಮೈಲೇಜ್ ಶಾಶ್ವತವಾಗಿ ಹಾಳಾಗುತ್ತದೆ. ಜೊತೆಗೆ ರಿಪೇರಿ ಕಿಟ್ಟಿನ ರಬ್ಬರ್ ಉಂಗುರಗಳು, ಪೆಟ್ರೋಲ್ ಪೈಪು, ಇಂಧನ ಫಿಲ್ಟರ್ ಹೊಸದಾಗಲಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. 2013ರ ಗಾಡಿಯ ರಬ್ಬರುಗಳು ಅದಕ್ಕೆಂದು ಮಾಡಿದವಲ್ಲ, ಅದರಲ್ಲೂ ವಯಸ್ಸಾದ ರಬ್ಬರು ಬೇಗ ಬಿರಿಯುತ್ತದೆ. ಎಥೆನಾಲ್ ಗಾಳಿಯ ತೇವವನ್ನೂ ಹೀರಿಕೊಳ್ಳುವುದರಿಂದ ಟ್ಯಾಂಕಿನ ತಳದಲ್ಲಿ ನೀರು ನಿಂತು ತುಕ್ಕು ಹಿಡಿದಿರಬಹುದು. ಹಳೆಯ ಪೆಟ್ರೋಲನ್ನು ಪಾರದರ್ಶಕ ಬಾಟಲಿಗೆ ಇಳಿಸಿ ಅರ್ಧ ಗಂಟೆ ಬಿಟ್ಟು ನೋಡಿ: ತಳದಲ್ಲಿ ಬೇರೆಯೇ ಪದರ ಅಥವಾ ಇಟ್ಟಿಗೆ ಬಣ್ಣದ ಪುಡಿ ಕಂಡರೆ ಟ್ಯಾಂಕನ್ನು ಇಳಿಸಿ ತೊಳೆಯಲೇಬೇಕು. ಇಳಿಸಿದ ಪೆಟ್ರೋಲನ್ನು ಚರಂಡಿಗೆ ಸುರಿಯದೆ ಗ್ಯಾರೇಜಿನವರಿಗೇ ಕೊಡಿ.

ಕಾರ್ಬ್ಯುರೇಟರ್ ಶುಚಿಯಾದ ಮೇಲೂ ಪೆಟ್ರೋಲ್ ಇಳಿಯದಿದ್ದರೆ ಫ್ಯೂಯೆಲ್ ಕಾಕ್ ನೋಡಿಸಿ. ಈ ಗಾಡಿಯಲ್ಲಿ ಇಂಜಿನ್ ಎಳೆಯುವ ಗಾಳಿಯ ಸೆಳೆತಕ್ಕೆ ತಾನೇ ತೆರೆದುಕೊಳ್ಳುವ ಕಾಕ್ ಇದೆ, ಅದರೊಳಗಿನ ತೆಳು ರಬ್ಬರ್ ಪೊರೆ ಗಡುಸಾದರೆ ಟ್ಯಾಂಕ್ ತುಂಬಿದ್ದರೂ ಇಂಜಿನಿಗೆ ತೊಟ್ಟೂ ಸೇರುವುದಿಲ್ಲ.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದ ಭಾಗ. ಸ್ಟಾರ್ಟ್ ಆಗದ ಗಾಡಿ ಮನೆಯಲ್ಲಿ ಸುಮ್ಮನೆ ನಿಂತಿರುತ್ತದೆ. ಸ್ಟಾರ್ಟ್ ಆಗಿ, ಬ್ರೇಕ್ ಹಿಡಿಯದ ಗಾಡಿ ಬಿಇಎಲ್ ವೃತ್ತದಲ್ಲಿ ನಿಮ್ಮನ್ನು ಬಸ್ಸಿನ ಮುಂದೆ ತಂದು ನಿಲ್ಲಿಸುತ್ತದೆ. ಎರಡೂ ಚಕ್ರ ಬಿಚ್ಚಿಸಿ ಡ್ರಮ್ಮಿನ ಒಳಗೆ ನೋಡಲೇಬೇಕು. ಬ್ರೇಕ್ ಶೂಗಳಿಗೆ ಲೈನರನ್ನು, ಅಂದರೆ ಡ್ರಮ್ಮಿಗೆ ಉಜ್ಜಿ ಗಾಡಿ ನಿಲ್ಲಿಸುವ ಪಟ್ಟಿಯನ್ನು, ಅಂಟಿಸಿರುತ್ತಾರೆ. ವರ್ಷಗಟ್ಟಲೆ ತೇವದಲ್ಲಿ ನಿಂತಾಗ ಆ ಅಂಟು ಬಿಟ್ಟು, ಲೈನರ್ ದಪ್ಪವಾಗಿಯೇ ಇದ್ದರೂ ಒಂದು ದಿನ ಇಡೀ ಪಟ್ಟಿ ಕಳಚಿ ಚಕ್ರ ಬಿಗಿದುಕೊಳ್ಳಬಹುದು. ‘ಇನ್ನೂ ಲೈನರ್ ಇದೆ ಸಾರ್’ ಎಂದು ಮೆಕ್ಯಾನಿಕ್ ಹೇಳಿದರೂ ಎರಡೂ ಜೊತೆ ಹೊಸದಾಗಿ ಹಾಕಿಸಿ. ಶೂಗಳನ್ನು ಅಗಲಿಸುವ ಕ್ಯಾಮನ್ನು ಹೊರತೆಗೆದು ತುಕ್ಕು ಉಜ್ಜಿ ಒಂದಿಷ್ಟೇ ಗ್ರೀಸ್ ಸವರಿಸಿ. ಅದು ಜಡವಾಗಿದ್ದರೆ ಲಿವರ್ ಬಿಟ್ಟ ಮೇಲೂ ಬ್ರೇಕ್ ಅರ್ಧ ಹಿಡಿದೇ ಇರುತ್ತದೆ ಮತ್ತು ನಿಮ್ಮ ಪೆಟ್ರೋಲ್ ಅಲ್ಲಿ ಸುಟ್ಟುಹೋಗುತ್ತದೆ. ನಿಮ್ಮ ಮಾದರಿಯಲ್ಲಿ ಎಡ ಲಿವರ್ ಒತ್ತಿದರೆ ಎರಡೂ ಚಕ್ರಕ್ಕೆ ಬ್ರೇಕ್ ಬೀಳುವ ಕಾಂಬಿ ವ್ಯವಸ್ಥೆಯಿದ್ದರೆ, ಎರಡನ್ನೂ ಜೋಡಿಸುವ ಕೇಬಲ್ ಸಲೀಸಾಗಿ ಎಳೆಯುತ್ತಿದೆಯೇ ಎಂದು ಚಕ್ರಗಳನ್ನು ನೆಲದಿಂದ ಎತ್ತಿ ಪರೀಕ್ಷಿಸಬೇಕು. ಕೇಬಲ್ಲಿನ ತುದಿಯಲ್ಲಿ ಒಂದು ಎಳೆ ಬಿಚ್ಚಿಕೊಂಡಿದ್ದರೂ ಬದಲಾಯಿಸಿ.

ಟೈರಿನ ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2317 ಎಂದಿದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು ಎಂದು ಓದಿಕೊಳ್ಳಬೇಕು. ಟೈರಿನ ಮೇಲಿನ ಗೀರುಗಳು ಎಷ್ಟೇ ಆಳವಿದ್ದರೂ, ಅಷ್ಟು ಹಳೆಯದಾಗಿ ಮೂರು ವರ್ಷ ಒಂದೇ ಜಾಗದಲ್ಲಿ ಗಾಳಿಯಿಲ್ಲದೆ ಕೂತ ಟೈರಿನ ಪಕ್ಕವನ್ನು ಬೆರಳಿನಿಂದ ಮಡಿಸಿ ನೋಡಿದರೆ ಕೂದಲೆಳೆಯಂಥ ಬಿರುಕುಗಳು ಕಾಣುತ್ತವೆ. ಅಂಥ ರಬ್ಬರು ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ಎರಡೂ ಟೈರು ಹೊಸದಾಗಲಿ, ಟ್ಯೂಬಿದ್ದರೆ ಟ್ಯೂಬೂ ಹೊಸದಾಗಲಿ. ಪೀಣ್ಯದ ಒಳರಸ್ತೆಗಳಲ್ಲಿ ಲೇತ್ ಕೆಲಸದ ಕಬ್ಬಿಣದ ಸಿಪ್ಪೆ, ಬೋಲ್ಟಿನ ಚೂರು ಬಿದ್ದಿರುವುದು ನಿಮಗೂ ಗೊತ್ತಿರುತ್ತದೆ. ಅಲ್ಲಿ ಸವೆದ ಟೈರಿಟ್ಟು ಉಳಿಸಿದ ಹಣವನ್ನು ಪಂಕ್ಚರ್ ಅಂಗಡಿಗೆ ಕಂತಿನಲ್ಲಿ ಕಟ್ಟಬೇಕಾಗುತ್ತದೆ. ಗಾಳಿ ಮುಂದಿನದಕ್ಕೆ 22, ಹಿಂದಿನದಕ್ಕೆ ಒಬ್ಬರೇ ಇದ್ದಾಗ 29, ಇಬ್ಬರಿದ್ದಾಗ 36 ಪೌಂಡ್ ಇರಲಿ.

ಗುಂಡಿ ಬಿದ್ದ ರಸ್ತೆಗಳಲ್ಲಿ ಹತ್ತು ವರ್ಷ ಓಡಿದ ಸ್ಕೂಟರಿನಲ್ಲಿ ಹ್ಯಾಂಡಲಿನ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ಪೆಟ್ಟು ತಿಂದಿರುವುದು ಸಾಮಾನ್ಯ. ಸೆಂಟರ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ಎತ್ತಿ, ಹ್ಯಾಂಡಲನ್ನು ಒಂದು ಬೆರಳಿನಿಂದ ಎಡಕ್ಕೂ ಬಲಕ್ಕೂ ತಿರುಗಿಸಿ. ನಟ್ಟನಡುವೆ ಕಚ್ಚಿ ನಿಂತಂತಾದರೆ ಕೋನ್ ಸೆಟ್ ಬದಲಾಗಬೇಕು. ಚಕ್ರವನ್ನು ಹಿಂದೆ ಮುಂದೆ ಅಲುಗಿಸಿದಾಗ ಟಕ್ ಟಕ್ ಎಂದರೆ ಮುಂದಿನ ಲಿಂಕಿನ ಬುಶ್‌ಗಳು ಸವೆದಿವೆ. ಅವು ಅಗ್ಗದ ಭಾಗಗಳು.

ಎಡಗಡೆಯ ಉದ್ದನೆಯ ಕವರಿನೊಳಗೆ ಬೆಲ್ಟು, ರೋಲರುಗಳು, ಕ್ಲಚ್ ಇವೆ. ಗೇರಿಲ್ಲದ ಸ್ಕೂಟರಿನ ಮೈಲೇಜ್ ಮತ್ತು ಪಿಕಪ್ ನಿರ್ಧಾರವಾಗುವುದು ಬಹುಪಾಲು ಇಲ್ಲಿ. ಬೆಲ್ಟನ್ನು ಸುಮಾರು 24,000 ಕಿ.ಮೀ.ಗೆ ಬದಲಾಯಿಸಬೇಕು, ದೊಡ್ಡಪ್ಪನವರ ಬಳಿ ಆ ಬಿಲ್ ಇಲ್ಲದಿದ್ದರೆ ಬದಲಾಗಿಲ್ಲ ಎಂದೇ ತಿಳಿಯಿರಿ. ಮೂರು ವರ್ಷ ಒಂದೇ ಭಂಗಿಯಲ್ಲಿ ಬಾಗಿ ನಿಂತ ಬೆಲ್ಟಿನ ಒಳಹಲ್ಲುಗಳ ಬುಡದಲ್ಲಿ ಬಿರುಕು ಬಿಟ್ಟಿರುತ್ತದೆ. ರೋಲರುಗಳು ದುಂಡಗಿರಬೇಕು. ಒಂದು ಕಡೆ ಚಪ್ಪಟೆಯಾಗಿದ್ದರೆ ಇಂಜಿನ್ ಎಷ್ಟು ಕೂಗಿದರೂ ಗಾಡಿ ಮುಂದೆ ಜಿಗಿಯುವುದಿಲ್ಲ. ಒಳಗಿನ ಧೂಳನ್ನು ಒಣ ಬ್ರಶ್ಶಿನಿಂದ ತೆಗೆಸಿ, ಬೆಲ್ಟ್ ಓಡುವ ಜಾಗಕ್ಕೆ ಗ್ರೀಸ್ ತಾಗದಂತೆ ನೋಡಿಕೊಳ್ಳಿ. ಕವರಿನ ಗ್ಯಾಸ್ಕೆಟ್ ಸರಿಯಿರಲಿ, ಏಕೆಂದರೆ ಮಳೆಗಾಲದಲ್ಲಿ ಒಳಗೆ ನೀರು ಸೇರಿದರೆ ಬೆಲ್ಟ್ ಜಾರಿ ಗಾಡಿ ನಡುರಸ್ತೆಯಲ್ಲಿ ಎಳೆಯದಾಗುತ್ತದೆ. ಮೊಣಕಾಲುದ್ದ ನೀರು ನಿಂತ ಅಂಡರ್‌ಪಾಸಿಗೆ ಯಾವ ಸ್ಕೂಟರನ್ನೂ ಇಳಿಸಬೇಡಿ.

ವಿದ್ಯುತ್ತಿನ ಕೆಲಸ ಚಿಕ್ಕದು: ಹಳೆಯ ಬ್ಯಾಟರಿಗೆ ಚಾರ್ಜ್ ಕೊಟ್ಟು ಕಾಲ ಕಳೆಯದೆ ಅದೇ ಅಳತೆಯದು ಹೊಸದು ಹಾಕಿಸಿ, ಇಲಿ ಕಡಿದ ವೈರುಗಳಿದ್ದರೆ ಬೆಸುಗೆ ಹಾಕಿಸಿ, ಇಂಜಿನ್ ಓಡುವಾಗ ಬ್ಯಾಟರಿಗೆ 14ರಿಂದ 14.5 ವೋಲ್ಟ್ ಬರುತ್ತಿದೆಯೇ ಎಂದು ಮೀಟರ್ ಇಟ್ಟು ನೋಡಿಸಿ. ಬ್ರೇಕ್ ದೀಪ ಎರಡೂ ಲಿವರಿಗೆ ಹೊತ್ತಬೇಕು.

ಇನ್ನು ಹಣ. ನನ್ನ ಅಂದಾಜಿನಲ್ಲಿ ಟೈರು ಟ್ಯೂಬಿಗೆ 2,800, ಬ್ರೇಕ್ ಶೂ ಮತ್ತು ಕೇಬಲ್ಲಿಗೆ 1,000, ಬ್ಯಾಟರಿಗೆ 1,200, ಕಾರ್ಬ್ಯುರೇಟರ್ ಕಿಟ್, ಪೈಪು, ಪ್ಲಗ್, ಏರ್ ಫಿಲ್ಟರ್ ಸೇರಿ 1,200, ಇಂಜಿನ್ ಆಯಿಲ್ ಮತ್ತು ಹಿಂದಿನ ಚಕ್ರದ ಗೇರ್ ಪೆಟ್ಟಿಗೆಯ ಆಯಿಲಿಗೆ 500, ಬೆಲ್ಟು ರೋಲರಿಗೆ 1,200, ಕೂಲಿ 1,500: ಒಟ್ಟು 9,400 ರೂಪಾಯಿ. ಅಂಗಡಿಯಿಂದ ಅಂಗಡಿಗೆ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ನೀವೇ ಹೋಗಿ ಕೊಂಡು ತಂದರೆ ಒಂದಿಷ್ಟು ಉಳಿಯಬಹುದು, ಆದರೆ ಬ್ರೇಕ್ ಶೂ ಮತ್ತು ಬೆಲ್ಟನ್ನು ಮಾತ್ರ ಬಿಲ್ ಕೊಡುವ ಅಂಗಡಿಯಲ್ಲಿ ಅಸಲಿಯನ್ನೇ ಕೊಳ್ಳಿ. ಬಣ್ಣಕ್ಕೆ, ಸೀಟ್ ಕವರಿಗೆ, ಹೊಸ ಫೈಬರಿಗೆ ಈಗ ಏನೂ ಬೇಡ. ಕೋನ್ ಸೆಟ್ ಬೇಕಾದರೆ ಮತ್ತು ವಿಮೆಗೆ ಉಳಿದ 2,600 ಒದಗುತ್ತದೆ. ದಿನಕ್ಕೆ 24 ಕಿ.ಮೀ.ಯಂತೆ ತಿಂಗಳಿಗೆ 25 ದಿನ ಎಂದರೆ 600 ಕಿ.ಮೀ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದು ಹಿಡಿದರೆ, 42 ಮೈಲೇಜ್ ಕೊಡುವ ಗಾಡಿಗೆ ತಿಂಗಳಿಗೆ ಸುಮಾರು 1,470 ರೂಪಾಯಿ, 32 ಕೊಡುವ ಗಾಡಿಗೆ 1,930 ರೂಪಾಯಿ ಬೇಕು. ಬ್ರೇಕ್ ಹಿಡಿದುಕೊಂಡ, ಜೆಟ್ ಕಟ್ಟಿದ, ಬೆಲ್ಟ್ ಜಾರುವ ಗಾಡಿ ಈ 460 ರೂಪಾಯಿಯನ್ನು ತಿಂಗಳು ತಿಂಗಳೂ ತಿನ್ನುತ್ತದೆ. ಪೇಂಟಿಂಗ್ ಬಿಟ್ಟು ಈ ಕೆಲಸಗಳನ್ನು ಮಾಡಿಸಿ ಎನ್ನುವುದು ಇದಕ್ಕಾಗಿ.

ಕಾಗದಪತ್ರದಲ್ಲಿ ‘ಮನೆಯವರದೇ ಗಾಡಿ ತಾನೇ’ ಎಂದು ಸುಮ್ಮನಿರಬೇಡಿ. ಮಾಲೀಕ-ಚಾಲಕನ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಸಲ್ಲುವುದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕರಿಗೆ. ದೊಡ್ಡಪ್ಪನವರ ಹೆಸರಿನ ಗಾಡಿ ಓಡಿಸುತ್ತ ನೀವು ಬಿದ್ದರೆ ನಿಮ್ಮ ಮನೆಯವರಿಗೆ ಅದು ದಕ್ಕುವುದು ಕಷ್ಟ. ನಮೂನೆ 29 ಮತ್ತು 30ಕ್ಕೆ ಅವರ ಸಹಿ ಪಡೆದು ಆರ್‌ಟಿಒದಲ್ಲಿ ನಿಮ್ಮ ಹೆಸರಿಗೆ ವರ್ಗಾಯಿಸಿಕೊಳ್ಳಿ. ಕೊಳ್ಳುವಾಗ ಸಾಲವಿದ್ದು ಆರ್‌ಸಿಯಲ್ಲಿ ಹಣಕಾಸು ಸಂಸ್ಥೆಯ ಹೆಸರು ಇನ್ನೂ ಉಳಿದಿದ್ದರೆ ನಮೂನೆ 35 ಮತ್ತು ಆ ಸಂಸ್ಥೆಯ ಒಪ್ಪಿಗೆ ಪತ್ರ ಮೊದಲು ಬೇಕು. ಕನಿಷ್ಠ ಮೂರನೇ ವ್ಯಕ್ತಿಯ ವಿಮೆಯಿಲ್ಲದೆ ಗಾಡಿಯನ್ನು ರಸ್ತೆಗಿಳಿಸಬೇಡಿ. 75ರಿಂದ 150 ಸಿಸಿ ವರೆಗಿನ ದ್ವಿಚಕ್ರ ವಾಹನಕ್ಕೆ 2022ರಲ್ಲಿ ನಿಗದಿಯಾದ ವಾರ್ಷಿಕ ದರ 714 ರೂಪಾಯಿ, ತೆರಿಗೆ ಬೇರೆ. ನಿಮ್ಮ ಗಾಡಿ ಬಿಎಸ್-4 ಎಂಬ ಹೊಗೆ ಮಾನದಂಡಕ್ಕಿಂತ ಹಿಂದಿನದಾದ್ದರಿಂದ ಎಮಿಷನ್ ಟೆಸ್ಟ್ ಆರು ತಿಂಗಳಿಗೊಮ್ಮೆ ಆಗಬೇಕು. 2019ರ ಏಪ್ರಿಲ್‌ಗಿಂತ ಮೊದಲು ನೋಂದಣಿಯಾದ ಗಾಡಿಗಳಿಗೂ ಅತಿಸುರಕ್ಷಿತ ನಂಬರ್ ಪ್ಲೇಟ್ ಕಡ್ಡಾಯ. ಹಳೆಯ ಸಂಚಾರ ದಂಡ ಬಾಕಿಯಿದೆಯೇ ಎಂಬುದನ್ನೂ ನೋಡಿಕೊಳ್ಳಿ. ನೋಂದಣಿಯ 15 ವರ್ಷ ಮುಗಿಯುವುದು 2028ರಲ್ಲಿ. ಆಗ ತಪಾಸಣೆಯಾಗಿ ಐದು ವರ್ಷಕ್ಕೆ ನವೀಕರಣವಾಗುತ್ತದೆ, ಮತ್ತು ಆ ತಪಾಸಣೆಯಲ್ಲೂ ಚಾಸಿ, ಬ್ರೇಕು, ಹೊಗೆಯೇ ಮುಖ್ಯ.

ಗ್ಯಾರೇಜಿಗೆ ಬಿಡುವಾಗ ಮಾಡಬೇಕಾದ ಕೆಲಸಗಳನ್ನು ಹಾಳೆಯಲ್ಲಿ ಬರೆದು ಕೊಡಿ, ಬದಲಾಯಿಸಿದ ಪ್ರತಿಯೊಂದು ಹಳೆಯ ಭಾಗವನ್ನೂ ಚೀಲದಲ್ಲಿ ಹಾಕಿ ವಾಪಸು ಕೊಡಲು ಮೊದಲೇ ಹೇಳಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರಪಡುವುದಿಲ್ಲ. ಗಾಡಿ ಕೈಗೆ ಬಂದ ಮೇಲೆ ಸೋಮವಾರ ನೇರವಾಗಿ ಕೆಲಸಕ್ಕೆ ಹೊರಡದೆ, ಭಾನುವಾರ ಬೆಳಿಗ್ಗೆ ರಸ್ತೆ ಖಾಲಿಯಿರುವಾಗ ಪೀಣ್ಯದವರೆಗೆ ಒಮ್ಮೆ ಹೋಗಿ ಬನ್ನಿ. ಡಿಕ್ಕಿಯಲ್ಲಿ ಪ್ಲಗ್ ಸ್ಪ್ಯಾನರ್, ಒಂದು ಹೆಚ್ಚುವರಿ ಪ್ಲಗ್, ಒಣ ಬಟ್ಟೆ ಇರಲಿ. ಮನೆಗೆ ಬಂದೊಡನೆ ಎರಡೂ ಚಕ್ರದ ಡ್ರಮ್ಮಿನ ಹತ್ತಿರ ಅಂಗೈ ಒಡ್ಡಿ: ಒಂದು ಸುಡುವಷ್ಟು ಬಿಸಿಯಿದ್ದರೆ ಆ ಬ್ರೇಕ್ ಇನ್ನೂ ಹಿಡಿಯುತ್ತಿದೆ, ಸಡಿಲಿಸಬೇಕು. 300 ಕಿ.ಮೀ. ಆದಾಗ ಇಂಜಿನ್ ಆಯಿಲನ್ನು ಇನ್ನೊಮ್ಮೆ ಬದಲಾಯಿಸಿಬಿಡಿ. ಮೂರು ವರ್ಷ ತಳದಲ್ಲಿ ಕೂತಿದ್ದ ಕೊಳೆಯೆಲ್ಲ ಆ ಹೊತ್ತಿಗೆ ಹೊಸ ಆಯಿಲಿನೊಂದಿಗೆ ಬೆರೆತು ಕಪ್ಪಾಗಿ ಹೊರಬರುತ್ತದೆ.